ಚಳಿಗಾಲದ ತರಕಾರಿಗೆ ಬೇಸಿಗೆಯ ಬಿತ್ತನೆ

ಕರ್ನಾಟಕದಿಂದ ಇಂಗ್ಲೆಂಡಿಗೆ ಬಂದು ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ನೆಲ, ಹಿಡಿಯುವವರು ಮಣ್ಣು, ಗೊಬ್ಬರ, ಕಳೆಯ ವಿಷಯದಲ್ಲಿ ಬೇಗ ಪಳಗುತ್ತಾರೆ. ಎಡವುವುದು ಚಳಿಗಾಲದ ಬೆಳೆಯಲ್ಲಿ. ನಮ್ಮ ಕಡೆ ಬಿತ್ತನೆಯ ಕಾಲ ಹೇಳುವುದು ಮಳೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂಕೋಸು, ಕ್ಯಾರೆಟ್, ಬಟಾಣಿ ಹಾಕಿದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಅಡುಗೆಮನೆಗೆ ಬರುತ್ತವೆ. ಚಳಿಗಾಲವೇ ಅಲ್ಲಿ ಅವು ಬೆಳೆಯುವ ಕಾಲ. ಇಲ್ಲಿ ಅದೇ ರೂಢಿಯಂತೆ ಸೆಪ್ಟೆಂಬರಿನಲ್ಲಿ ಕೋಸಿನ ಬೀಜ ಹಾಕಿದರೆ ಡಿಸೆಂಬರಿನಲ್ಲಿ ಕಾಣುವುದು ಗಿಡ್ಡ ಸಸಿ ಮಾತ್ರ. ಈ ದೇಶದ ಚಳಿಗಾಲದಲ್ಲಿ ತರಕಾರಿ ಬೆಳೆಯುವುದಿಲ್ಲ, ಬೆಳೆದದ್ದು ನೆಲದಲ್ಲಿ ಕೆಡದೆ ಉಳಿಯುತ್ತದೆ, ಅಷ್ಟೆ. ಉತ್ತರ ಕರ್ನಾಟಕದಲ್ಲಿ ಧಾನ್ಯ ಕೂಡಿಡುವ ಹಗೇವಿನಂತೆ, ತುಂಬುವ ಕೆಲಸ ಮೊದಲೇ ಮುಗಿದಿರಬೇಕು. ಇದೊಂದು ಮನಸ್ಸಿಗೆ ಬಂದರೆ ಉಳಿದ ತಿಥಿಗಳೆಲ್ಲ ತಾವಾಗಿ ಹೊಂದಿಕೊಳ್ಳುತ್ತವೆ.

ಬೆಳವಣಿಗೆ ಹೀಗೆ ನಿಲ್ಲುವುದಕ್ಕೆ ಚಳಿಯನ್ನು ದೂರುವುದು ವಾಡಿಕೆ. ನಾನು ಒಪ್ಪುವುದಿಲ್ಲ, ಮುಖ್ಯ ಕಾರಣ ಬೆಳಕು. ಬೆಂಗಳೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಿ ಹದಿನಾರೂವರೆ ಗಂಟೆಯ ಹಗಲು ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕೆಳಗಿಳಿಯುತ್ತದೆ. ಸೆಪ್ಟೆಂಬರಿನಲ್ಲಿ ದಿನಕ್ಕೆ ಸುಮಾರು 4 ನಿಮಿಷ ಬೆಳಕು ಕೈತಪ್ಪುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಹಿಮದ ನಡುವೆ ತರಕಾರಿ ಬೆಳೆದು ಮಾರಿದ ಎಲಿಯಟ್ ಕೋಲ್‌ಮನ್, ಹಗಲು 10 ಗಂಟೆಗಿಂತ ಕಡಿಮೆಯಾದ ಮೇಲೆ ಗಿಡಗಳ ಬೆಳವಣಿಗೆ ನಿಂತಂತೆಯೇ ಎಂದು ಗುರುತಿಸಿದರು. ಲಂಡನ್ನಿಗೆ ಈ ಅವಧಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಸ್ಕಾಟ್ಲೆಂಡಿನಲ್ಲಿ ಇನ್ನೂ ಮುಂಚೆ ಶುರುವಾಗುತ್ತದೆ. ಆದ್ದರಿಂದ ಬೀಜದ ಪೊಟ್ಟಣದ ಮೇಲಿನ 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ' ಎಂಬ ಸಾಲಿಗಿಂತ, ಅಕ್ಟೋಬರ್ ಕೊನೆಗೆ ಗಿಡ ಎಷ್ಟು ದೊಡ್ಡದಾಗಿರಬೇಕು ಎಂದು ಕೇಳಿಕೊಂಡು ಹಿಂದಕ್ಕೆ ಎಣಿಸುವುದೇ ಸರಿ ಎಂಬುದು ನಾನು ಕಲಿತ ಪಾಠ. ಮೇ ತಿಂಗಳಲ್ಲಿ ಒಂದು ವಾರ ತಡವಾದರೆ ಗಿಡ ಸರಿದೂಗಿಸಿಕೊಳ್ಳುತ್ತದೆ. ಆಗಸ್ಟಿನಲ್ಲಿ ಕಳೆದ ವಾರ ಮರಳಿ ಸಿಗುವುದಿಲ್ಲ.

ಹೀಗೆ ಎಣಿಸಿದಾಗ ಪಾರ್ಸ್ನಿಪ್, ಲೀಕ್, ಬ್ರಸಲ್ಸ್ ಸ್ಪ್ರೌಟ್ಸ್ ಮಾರ್ಚ್, ಏಪ್ರಿಲಿನಲ್ಲೇ ನೆಲಕ್ಕೆ ಬೀಳಬೇಕಾಗುತ್ತದೆ. ಪರ್ಪಲ್ ಸ್ಪ್ರೌಟಿಂಗ್ ಬ್ರಾಕಲಿ, ಕೇಲ್, ಸವಾಯ್ ಕೋಸು ಏಪ್ರಿಲ್, ಮೇ ತಿಂಗಳಿನಲ್ಲಿ. ಲೀಕನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಸಸಿಮಡಿಯಲ್ಲಿ ಪೆನ್ಸಿಲ್ ದಪ್ಪಕ್ಕೆ ಬಂದದ್ದನ್ನು ಜೂನ್, ಜುಲೈನಲ್ಲಿ ಕಿತ್ತು, ಕೋಲಿನಿಂದ 15 ಸೆಂಟಿಮೀಟರ್ ಆಳದ ಕುಳಿ ಮಾಡಿ, ಕುಳಿಗೊಂದರಂತೆ ಇಳಿಬಿಡಬೇಕು. ಮಣ್ಣು ಮುಚ್ಚಬಾರದು, ಕುಳಿ ತುಂಬ ನೀರು ಹೊಯ್ದರೆ ಬೇರಿಗೆ ಬೇಕಾದಷ್ಟು ಮಣ್ಣು ಅದರ ಜೊತೆ ಇಳಿಯುತ್ತದೆ. ಕತ್ತಲಲ್ಲೇ ದಪ್ಪವಾಗುವ ಬುಡ ಬೆಳ್ಳಗೆ, ಮೃದುವಾಗಿ ಬರುತ್ತದೆ. ಆಮೇಲೆ ಬರುವ ಹಿಮದಿಂದ ಇವಕ್ಕೆ ಭಯವಿಲ್ಲ. ಚಳಿ ಕೊರೆದಾಗ ಪಾರ್ಸ್ನಿಪ್ ತನ್ನ ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ. ಕೇಲ್ ಎಲೆಯೂ ಮೊದಲ ಹಿಮ ಬಿದ್ದ ಮೇಲೆಯೇ ಸಿಹಿ.

ನಮ್ಮವರಿಗೆ ಪ್ರಿಯವಾದ ಕೊತ್ತಂಬರಿ, ಪಾಲಕ್, ಹಾಗೆಯೇ ಪಾಕ್ ಚೋಯ್ ಇವುಗಳ ಲೆಕ್ಕ ಬೇರೆ. ಜೂನಿನ ದೀರ್ಘ ಹಗಲಿನಲ್ಲಿ ಇವು ಎಲೆ ಕೊಡುವ ಮೊದಲೇ ಹೂವಿಗೆ ತಿರುಗುತ್ತವೆ. ಹಗಲು ಇಳಿಮುಖವಾದ ಮೇಲೆ, ಜುಲೈ ಮಧ್ಯದಿಂದ ಆಗಸ್ಟ್ ಮುಗಿಯುವುದರೊಳಗೆ ಬಿತ್ತಿದರೆ ಶರತ್ಕಾಲದುದ್ದಕ್ಕೂ ಸೊಪ್ಪು ಕೊಯ್ಯಬಹುದು.

ಪಾಲಿಟನಲ್, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ, ಇದ್ದರೆ ಈ ಅವಸರ ಯಾಕೆ ಎಂದು ಕೇಳುವವರಿದ್ದಾರೆ. ಅದು ಗಾಳಿಯನ್ನೂ ಹಿಮವನ್ನೂ ತಡೆಯುತ್ತದೆ, ಬೆಳಕನ್ನು ಹುಟ್ಟಿಸುವುದಿಲ್ಲ. ಅಂಥ ಮನೆಗಳನ್ನೇ ನಂಬಿ ಬದುಕಿದ ಕೋಲ್‌ಮನ್ ಕೂಡ ಕತ್ತಲ ತಿಂಗಳಿಗೆ ಮೊದಲೇ ಬಿತ್ತುತ್ತಿದ್ದರು. ಶರತ್ಕಾಲ ಈಚೆಗೆ ಬೆಚ್ಚಗಾಗಿದೆ ಎಂಬ ವಾದವೂ ಇದೆ. ನಿಜ, ಆದರೆ ಸೂರ್ಯ ಮುಳುಗುವ ಹೊತ್ತು ಬದಲಾಗಿಲ್ಲ. ಬೆಳಕಿಲ್ಲದ ಬೆಚ್ಚಗಿನ ಹವೆಯಲ್ಲಿ ಗಿಡ ಸೊರಗಿ ಉದ್ದವಾಗುತ್ತದೆ, ಗಿಡಹೇನು ಮತ್ತು ಬಿಳಿನೊಣಕ್ಕೆ ಸುಗ್ಗಿಯಾಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಬೆಳ್ಳುಳ್ಳಿ, ಬ್ರಾಡ್ ಬೀನ್ಸ್ ಹಾಕುವುದಿಲ್ಲವೇ ಎಂದರೆ, ಹಾಕುತ್ತೇವೆ. ಅವು ಚಳಿಗಾಲದ ಊಟಕ್ಕಲ್ಲ, ಮುಂದಿನ ಬೇಸಿಗೆಗೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಜಾಗದ್ದು. ಪೂರ್ತಿ ಪ್ಲಾಟ್ ಎಂದರೆ 10 ಪೋಲ್, ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಈಗ ಹಲವರಿಗೆ ಸಿಗುವುದು ಅದರ ಅರ್ಧ. ಬೇಸಿಗೆಯಲ್ಲಿ ಅದು ಹುರುಳಿಕಾಯಿ, ಆಲೂಗಡ್ಡೆಯಿಂದ ತುಂಬಿರುತ್ತದೆ. ಆದರೆ ಬೀಜಕ್ಕೆ ಬೇಕಾದದ್ದು ಮೊರದಗಲದ ಸಸಿಮಡಿ. ಮೊದಲ ಆಲೂಗಡ್ಡೆ ಜೂನ್ ಕೊನೆ, ಜುಲೈನಲ್ಲಿ ಎದ್ದ ಜಾಗಕ್ಕೆ ಲೀಕ್, ಕೋಸು ನೇರವಾಗಿ ಹೋಗುತ್ತವೆ. ಪಾರಿವಾಳಗಳಿಂದ ಕಾಯಲು ಬಲೆ ಮಾತ್ರ ಮರೆಯಬಾರದು. ಪರ್ಪಲ್ ಸ್ಪ್ರೌಟಿಂಗ್ ಹೆಚ್ಚುಕಡಿಮೆ ವರ್ಷವಿಡೀ ಜಾಗ ಹಿಡಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ನಾಲ್ಕು ಗಿಡಗಳಿಗಾದರೂ ಜಾಗ ಬಿಡಿ ಎನ್ನುತ್ತೇನೆ: ಮಾರ್ಚ್, ಏಪ್ರಿಲಿನಲ್ಲಿ ಹಳೆಯ ಬೆಳೆ ಮುಗಿದು ಹೊಸದು ಬಾರದೆ ಪ್ಲಾಟ್ ಬರಿದಾಗಿರುವಾಗ, ನಡುವಿನ ಮೊಗ್ಗನ್ನು ಮೊದಲು ಕೊಯ್ದರೆ ಪಕ್ಕದ ಕುಡಿಗಳು ವಾರವಾರವೂ ಚಿಗುರಿ ಕೈಗೆ ಬರುತ್ತವೆ.