ಮೊದಲು ನೀರು, ಆಮೇಲೆ ಬಣ್ಣ

1975ರಲ್ಲಿ ನಮ್ಮ ರಾಜ್ಯದಲ್ಲಿ ಸ್ಲಂ ಬೋರ್ಡ್ ಶುರುವಾಯಿತು. ಬಡವರಿಗೆ ಮಹಡಿ ಮನೆಗಳನ್ನು ಕಟ್ಟಿಸಿತು. ಎಷ್ಟೋ ಮನೆಗಳು ಈಗ ಹಳೆಯವಾಗಿವೆ.

ಅಂಥ ಮನೆಯ ಒಬ್ಬ ತಂಗಿ ಚೀಟಿ ಹಣ ಎತ್ತಿದಳು. ಪಕ್ಕದ ಮನೆ ಅಕ್ಕನಿಗೆ ಗಾರೆ ಕೆಲಸ ಗೊತ್ತು. ಅವಳನ್ನು ಕರೆದಳು.

"ಅಕ್ಕಾ, ನಡುಗೋಡೆ ಒಡೆಸಲಾ? ಮನೆ ದೊಡ್ಡದಾಗುತ್ತೆ."

"ಬೇಡ ಕಣೇ. ಮೇಲಿನ ಮನೆಗಳ ಭಾರ ಗೋಡೆ ಮೇಲೆ ಇರಬಹುದು. ಇಂಜಿನಿಯರ್ ನೋಡದೆ ಗೋಡೆ, ಕಂಬ, ತೊಲೆ ಒಡೆಯಬಾರದು."

"ಹಾಗಾದರೆ ಬಣ್ಣ ಹೊಡೆಸಲಾ?"

"ಮೇಲೆ ನೋಡು. ಚಾವಣಿ ಒದ್ದೆ. ನೀರು ಒಳಗಿನ ಕಬ್ಬಿಣಕ್ಕೆ ತಾಗುತ್ತೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ. ಕಾಂಕ್ರೀಟ್ ಒಡೆದು ಬೀಳುತ್ತೆ. ಕೆಳಗೆ ಮಕ್ಕಳು ಮಲಗ್ತಾರೆ. ಒದ್ದೆ ಮೇಲೆ ಬಣ್ಣ ಬಳಿದರೆ ರೋಗ ಮುಚ್ಚಿಟ್ಟ ಹಾಗೆ."

ಮೇಲಿನ ಮನೆಯ ಬಚ್ಚಲ ಪೈಪು ಸೋರುತ್ತಿತ್ತು. ಎರಡು ಮನೆಯವರೂ ದುಡ್ಡು ಹಾಕಿ ರಿಪೇರಿ ಮಾಡಿಸಿದರು. ಚಾವಣಿ ನೋಡಲು ಇಂಜಿನಿಯರನ್ನು ಕಳಿಸಿ ಎಂದು ತಂಗಿ ತಾನೇ ಅರ್ಜಿ ಬರೆದಳು. ಅವರು ಬಂದು ನೋಡಿದರು. ಅವರು ಹೇಳಿದಂತೆ ಸಡಿಲ ಗಾರೆ ಕೆತ್ತಿಸಿದಳು. ತುಕ್ಕು ಉಜ್ಜಿಸಿದಳು. ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಗಾರೆ ಹಾಕಿಸಿದಳು. ಏಳು ದಿನ ನೀರು ಚಿಮುಕಿಸಿದಳು. ಪೂರ್ತಿ ಒಣಗಿದ ಮೇಲೆ ಬಿಳಿ ಸುಣ್ಣ ಹೊಡೆದಳು.

ಕಿಟಕಿಗೆ ಅಡ್ಡವಿದ್ದ ಬೀರು ಸರಿಸಿದಳು. ಗಾಳಿ ಬೆಳಕು ಬಂತು. ಗೋಡೆಗೆ ಮಡಚುವ ಹಲಗೆ ಹಾಕಿಸಿದಳು. ಅದರ ಮೇಲೆ ಮಕ್ಕಳು ಓದುತ್ತಾರೆ. ಮಡಚಿದರೆ ಮಲಗಲು ಜಾಗ.

ಮನೆ ಅಷ್ಟೇ ಇದೆ. ಈಗ ಹೆದರಿಕೆ ಇಲ್ಲದೆ ನಿದ್ದೆ ಬರುತ್ತೆ.

ಮಾತಾಡೋಣ: ನಿಮ್ಮ ಮನೆಯಲ್ಲಿ ನೀರು ಎಲ್ಲಿ ಸೋರುತ್ತದೆ? ಅದಕ್ಕೆ ಯಾರಿಗೆ ಅರ್ಜಿ ಬರೆಯುತ್ತೀರಿ? ಬರೆದು ನೋಡಿ.