ಮನೆಯ ಫೋನು, ಇಂಟರ್‌ನೆಟ್: ಅಗ್ಗ ಯಾವುದು ಅಂತ ಲೆಕ್ಕ ಹಾಕುವುದು ಹೇಗೆ?

ಗೊಬ್ಬರ ತರುವಾಗ ನಾವು ಚೀಲದ ಕ್ರಯ ಮಾತ್ರ ನೋಡುವುದಿಲ್ಲ. ಅದರಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಶ್ ಎಷ್ಟು, ತೋಟಕ್ಕೆ ತಲಪುವಾಗ ಬಾಡಿಗೆ ಸೇರಿ ಎಷ್ಟಾಯಿತು ಅಂತ ನೋಡುತ್ತೇವೆ. ಫೋನು, ಇಂಟರ್‌ನೆಟ್ಟಿನ ವಿಷಯ ಬಂದಾಗ ಮಾತ್ರ ಅಂಗಡಿಯವರು ಹೇಳಿದ ರೀಚಾರ್ಜನ್ನೇ ಹಾಕಿಸಿ ಬರುತ್ತೇವೆ. ಒಂದೊಂದು ಸಲದ್ದು ಸಣ್ಣ ಮೊತ್ತ. ಹಾಗಾಗಿ ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ವರ್ಷದ ಕೊನೆಗೆ ಕೂಡಿಸಿದರೆ ಒಂದು ಸ್ಪ್ರೇಯ ಖರ್ಚಿನಷ್ಟು ಆಗಿರುತ್ತದೆ.

ಇದು ದುಡ್ಡಿನ ಲೆಕ್ಕ ಮಾತ್ರ ಅಲ್ಲ. ಮಕ್ಕಳು ಊರು ಬಿಟ್ಟ ಮೇಲೆ ಎಷ್ಟೋ ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ. ಅಲ್ಲಿ ಫೋನು ಸತ್ತರೆ ಜೀಪಿನವರನ್ನು ಕರೆಯುವ ದಾರಿಯೂ ಸತ್ತ ಹಾಗೆ. ಆದ್ದರಿಂದ ಖರ್ಚು ಇಳಿಯಬೇಕು, ಫೋನು ನಿಲ್ಲಬಾರದು. ಎರಡನ್ನೂ ಒಟ್ಟಿಗೆ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವರ್ಷದ ಖರ್ಚು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿ ಎಷ್ಟು ಮೊಬೈಲ್, ಒಂದೊಂದಕ್ಕೆ ಎಷ್ಟು ರೀಚಾರ್ಜ್, ಅದು ಎಷ್ಟು ದಿನಕ್ಕೆ ಅಂತ ಬರೆಯಿರಿ. ಲ್ಯಾಂಡ್‌ಲೈನ್ ಅಥವಾ ಫೈಬರ್ ಇದ್ದರೆ ಅದರ ಬಿಲ್ಲು. ಟಿವಿಯ ಡಿಶ್ಶಿಗೆ ಕೊಡುವುದು. ನಡುನಡುವೆ ಹಾಕುವ ಡೇಟಾ ಟಾಪ್‌ಅಪ್ಪನ್ನೂ ಮರೆಯಬೇಡಿ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, 28 ದಿನದ ರೀಚಾರ್ಜ್. ಇದನ್ನು ತಿಂಗಳ ರೀಚಾರ್ಜ್ ಅನ್ನುತ್ತೇವೆ. ಆದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಬೇಕು. 336 ದಿನದ ಪ್ಲಾನೂ ಹಾಗೆಯೇ. ಅದು ವರ್ಷದ್ದಲ್ಲ, ಹನ್ನೊಂದು ತಿಂಗಳದ್ದು. 30 ದಿನದ್ದು ಒಂದು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವಂಥದ್ದು ಒಂದು, ಹೀಗೆ ಕನಿಷ್ಠ ಒಂದೊಂದು ಪ್ಲಾನಾದರೂ ಇಡಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಎಲ್ಲ ಕಂಪೆನಿಗಳಿಗೆ ಹೇಳಿತು. ನೀವಾಗಿ ಕೇಳದಿದ್ದರೆ ಅದನ್ನು ಯಾರೂ ತೋರಿಸುವುದಿಲ್ಲ.

ಇನ್ನೊಂದು ತೆರಿಗೆ. ಮೊಬೈಲ್ ರೀಚಾರ್ಜಿನ ದರದಲ್ಲಿ ತೆರಿಗೆ ಸೇರಿರುತ್ತದೆ. ಫೈಬರಿನ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಶೇ. 18 ಜಿಎಸ್‌ಟಿ ಮೇಲೆ ಬೀಳುತ್ತದೆ. 449 ರೂ. ಅಂತ ಬರೆದದ್ದು ಬಿಲ್ಲಿನಲ್ಲಿ 530 ರೂ. ಆಗುತ್ತದೆ. ಎರಡನ್ನೂ ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಬೇಕು.

ಒಂದೇ ಡೇಟಾಕ್ಕೆ ಎರಡು ಸಲ ದುಡ್ಡು

ಒಂದು ಮನೆಯ ಲೆಕ್ಕ ಹಾಕಿ ನೋಡುವ. ಅಪ್ಪ, ಅಮ್ಮ, ಮಗ, ಸೊಸೆ, ನಾಲ್ಕು ಮೊಬೈಲ್. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ 28 ದಿನದ ಜಿಯೋ ಪ್ಲಾನ್ 2024ರ ಜುಲೈಯ ಏರಿಕೆಯ ಬಳಿಕ 299 ರೂ. ಆಯಿತು. ಹದಿಮೂರು ಸಲಕ್ಕೆ 3,887 ರೂ. ನಾಲ್ಕು ಫೋನಿಗೆ 15,548. ಮನೆಗೆ 449ರ ಫೈಬರ್ ಕೂಡ ಉಂಟು ಅಂತಿಟ್ಟುಕೊಳ್ಳಿ. ತೆರಿಗೆ ಸೇರಿ ವರ್ಷಕ್ಕೆ 6,358. ಒಟ್ಟು 21,906 ರೂಪಾಯಿ.

ಈಗ ಯೋಚಿಸಿ. ಅಪ್ಪ, ಅಮ್ಮ ದಿನವಿಡೀ ಮನೆಯಲ್ಲೇ. ಮನೆಯಲ್ಲಿ ವೈಫೈ ಇದೆ. ಅವರ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಮುಟ್ಟದೆ ಹಾಗೆಯೇ ಉಳಿದು ರಾತ್ರಿ ಹನ್ನೆರಡಕ್ಕೆ ಕರಗಿಹೋಗುತ್ತದೆ. ಅದಕ್ಕೂ ದುಡ್ಡು ಕೊಟ್ಟಾಗಿದೆ. ಬಾವಿ ಇದ್ದೂ ನಳ್ಳಿಯ ಬಿಲ್ಲು ಕಟ್ಟಿದ ಹಾಗೆ.

ಡೇಟಾ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ರೀಚಾರ್ಜ್ ಇಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಂದಿತು. ಅಂಥ ರೀಚಾರ್ಜ್ 365 ದಿನದವರೆಗೂ ಇರಬಹುದೆಂದಿತು. 2025ರ ಜನವರಿಯಲ್ಲಿ ಕಂಪೆನಿಗಳು ಅವನ್ನು ಹೊರತಂದವು. ಆಗಿನ ದರದಲ್ಲಿ ಜಿಯೋದ್ದು 336 ದಿನಕ್ಕೆ 1,748 ರೂ. ಪೂರಾ ವರ್ಷಕ್ಕೆ ಹಿಡಿದರೆ ಸುಮಾರು 1,899. ಏರ್‌ಟೆಲ್‌ನದ್ದು 365 ದಿನಕ್ಕೆ 1,849.

ಮೇಲಿನ ಮನೆಯ ಲೆಕ್ಕ ಹೀಗೆ ಬದಲಾಗುತ್ತದೆ (ಮಾತಿನ ರೀಚಾರ್ಜ್ 1,899ರಂತೆ):

- ಫೈಬರ್ + ನಾಲ್ವರಿಗೂ ಡೇಟಾ: 21,906 ರೂ.
- ಫೈಬರ್ + ಇಬ್ಬರಿಗೆ ಮಾತು ಮಾತ್ರ, ಇಬ್ಬರಿಗೆ ಡೇಟಾ: 17,930 ರೂ.
- ಫೈಬರ್ + ಮೂವರಿಗೆ ಮಾತು ಮಾತ್ರ, ಒಬ್ಬರಿಗೆ ಡೇಟಾ: 15,942 ರೂ.
- ಫೈಬರ್ ಇಲ್ಲದೆ ನಾಲ್ವರಿಗೂ ಡೇಟಾ: 15,548 ರೂ.

ಇದರಿಂದ ತಿಳಿಯುವುದು ಎರಡು. ಫೈಬರ್ ಈಗಾಗಲೇ ಇದ್ದರೆ, ಅದರ ಪ್ಲಾನನ್ನು ಮುಟ್ಟದೆ ಮೊಬೈಲುಗಳಲ್ಲೇ ನಾಲ್ಕರಿಂದ ಆರು ಸಾವಿರ ಉಳಿಸಲು ಬರುತ್ತದೆ. ಫೈಬರ್ ಇಲ್ಲದಿದ್ದರೆ, "ಹಾಕಿಸಿದರೆ ಉಳಿತಾಯ ಆಗ್ತದೆ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ಇಬ್ಬರೇ ಇರುವ ಮನೆ, ಒಳಗೂ ಮೊಬೈಲ್ ಸಿಗ್ನಲ್ ಚೆನ್ನಾಗಿದೆ ಅಂತಾದರೆ ಒಬ್ಬರಿಗೆ ಡೇಟಾ, ಒಬ್ಬರಿಗೆ ಮಾತಿನ ರೀಚಾರ್ಜ್. ಎರಡೂ ಸೇರಿ 5,786 ರೂ. ಬೇಕಾದಾಗ ಹಾಟ್‌ಸ್ಪಾಟ್ ಹಾಕಿಕೊಂಡರೆ ಮುಗಿಯಿತು. ಅಂಥವರಿಗೆ ಫೈಬರ್ ಅಗ್ಗವಲ್ಲ.

ದರಗಳು ಬದಲಾಗುತ್ತಾ ಇರುತ್ತವೆ. ನಾನು ಕೊಟ್ಟದ್ದು ಆಯಾ ಕಾಲದ್ದು. ಕ್ರಮ ಇದೇ, ಅಂಕೆ ಮಾತ್ರ ನೀವು ಲೆಕ್ಕ ಹಾಕುವ ದಿನದ್ದನ್ನು ಇಡಿ.

ಒಂದು ಎಚ್ಚರಿಕೆ. ಪೇಟೆಗೆ ಹೋಗಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಹಣ ಕೊಡುವವರಿಗೆ ಡೇಟಾ ಬೇಕೇ ಬೇಕು. ಯಾರು ಹೊರಗೆ ಹೋಗುತ್ತಾರೆ, ಯಾರು ಮನೆಯಲ್ಲಿರುತ್ತಾರೆ ಅಂತ ಕೂತು ಮಾತಾಡಿ ತೀರ್ಮಾನಿಸಿ.

ಗುಂಡಿಯ ಮನೆಗೆ ವೈಫೈ ಕಾಲಿಂಗ್

ನಮ್ಮಂತೆ ಎರಡು ಗುಡ್ಡೆಗಳ ನಡುವೆ ಮನೆ ಇರುವವರಿಗೆ ಲೆಕ್ಕವೇ ಬೇರೆ. ಮಾತಾಡಲು ಗುಡ್ಡೆ ಹತ್ತಬೇಕು. ಇಲ್ಲಿ ಫೈಬರಿನ ಮುಖ್ಯ ಉಪಕಾರ ಸಿನಿಮಾ ಅಲ್ಲ, ಮಾತು. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಅನ್ನುವ ಒಂದು ಗುಂಡಿ ಉಂಟು. ಅದನ್ನು ಒತ್ತಿಟ್ಟರೆ ಟವರ್ ಸಿಗದಿದ್ದರೂ ಮನೆಯ ವೈಫೈ ಮೂಲಕ ಮಾಮೂಲಿ ನಂಬ್ರಕ್ಕೆ ಕರೆ ಬರುತ್ತದೆ, ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಇದಕ್ಕೆ ಬೇರೆ ದುಡ್ಡಿಲ್ಲ. ಆದರೆ ಹಳೆಯ ಫೋನುಗಳಲ್ಲಿ ಈ ಸೌಕರ್ಯ ಇರುವುದಿಲ್ಲ. ಕೊಳ್ಳುವ ಮೊದಲು ಸೆಟ್ಟಿಂಗಿನಲ್ಲಿ ಹುಡುಕಿ ನೋಡಿ.

ವೇಗ ಎಷ್ಟು ಸಾಕು?

ಮಾರುವವರು 100, 200 ಎಂಬಿಪಿಎಸ್ ಅಂತ ಹೇಳುತ್ತಾರೆ. ಒಳ್ಳೆಯ ಸ್ಪಷ್ಟತೆಯ ಒಂದು ವೀಡಿಯೋಕ್ಕೆ 5 ಎಂಬಿಪಿಎಸ್ ಧಾರಾಳ. ಒಂದೇ ಹೊತ್ತಿಗೆ ನಾಲ್ವರು ನೋಡಿದರೂ 20. ಹಾಗಾಗಿ 30ರ ಪ್ಲಾನ್ ನಮ್ಮ ಮನೆಗಳಿಗೆ ಸಾಕು. ಎಂಬಿಪಿಎಸ್ ಅಂದರೆ ಮೆಗಾಬಿಟ್. ನಾವು ಡೇಟಾ ಅಳೆಯುವುದು ಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 30ರ ವೇಗದಲ್ಲಿ ಒಂದು ಜಿಬಿ ಇಳಿಯಲು ನಾಲ್ಕೂವರೆ ನಿಮಿಷ ಬೇಕು.

ಮಿತಿಯ ವಿಷಯ. 449ರ ಭಾರತ್ ಫೈಬರ್ ಪ್ಲಾನ್ 2020ರಲ್ಲಿ ಬಂದಾಗ ತಿಂಗಳಿಗೆ 3300 ಜಿಬಿಯವರೆಗೆ 30 ಎಂಬಿಪಿಎಸ್, ಆಮೇಲೆ 2 ಎಂಬಿಪಿಎಸ್ ಇತ್ತು. ಒಳ್ಳೆಯ ಸ್ಪಷ್ಟತೆಯ ವೀಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ದಿನಕ್ಕೆ ಎರಡು ಗಂಟೆ ನೋಡಿದರೂ ತಿಂಗಳಿಗೆ 180 ಜಿಬಿ. ಇನ್ನೂ ದೊಡ್ಡ ಮಿತಿಗೆ ಹೆಚ್ಚು ಹಣ ಕೊಡುವ ಅಗತ್ಯ ನಮಗಿಲ್ಲ.

"ಒಳಗಿನ ಕೋಣೆಗೆ ಬರುವುದಿಲ್ಲ" ಅನ್ನುವ ದೂರಿಗೆ ದೊಡ್ಡ ಪ್ಲಾನ್ ಮದ್ದಲ್ಲ. ನಮ್ಮ ಮುರಕಲ್ಲಿನ ದಪ್ಪ ಗೋಡೆ ವೈಫೈಯನ್ನು ತಡೆಯುತ್ತದೆ. ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿಸಿ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ದೂರದ ಕೋಣೆಗೆ 2.4 ಒಳ್ಳೆಯದು.

ತಂತಿಯೋ, ಗಾಳಿಯೋ?

ಮನೆವರೆಗೆ ಫೈಬರ್ ಬರುವುದಾದರೆ ಅದೇ ಉತ್ತಮ. ಬಾರದ ಕಡೆಗಳಿಗೆ ಮಾಡಿನ ಮೇಲೆ ಆಂಟೆನಾ ಇಟ್ಟು ಕೊಡುವ ಸಂಪರ್ಕಗಳಿವೆ. ಅದರಲ್ಲಿ ಒಂದು ಬಗೆ 5ಜಿ ಟವರಿನಿಂದ ಬರುವುದು. ಏರ್‌ಟೆಲ್, ಜಿಯೋ ಎರಡೂ ಇದನ್ನು 2023ರಲ್ಲಿ ಶುರು ಮಾಡಿದವು. ಇನ್ನೊಂದು ಬಗೆಗೆ ಎದುರಿನ ಆಂಟೆನಾ ನೇರ ಕಾಣಬೇಕು. ನಡುವೆ ತೆಂಗಿನ ತಲೆ, ರಬ್ಬರಿನ ಎಲೆ ಬಂದರೆ ಸಿಗ್ನಲ್ ಕುಗ್ಗುತ್ತದೆ. ಈಗ ಸಣ್ಣದಿರುವ ಮರ ನಾಲ್ಕು ವರ್ಷದಲ್ಲಿ ಎಲ್ಲಿಗೆ ಬರುತ್ತದೆ ಅಂತಲೂ ಯೋಚಿಸಿ.

ಕರೆಂಟು ಹೋದಾಗ

ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟಿಲ್ಲದಿದ್ದರೂ ಫೋನು ಬಡಿಯುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯ ಪೆಟ್ಟಿಗೆಗೆ ನಾವೇ ಕರೆಂಟು ಕೊಡಬೇಕು. ಆಷಾಢದಲ್ಲಿ ಎರಡು ದಿನ ಲೈನ್ ಇಲ್ಲದಿದ್ದರೆ ವೈಫೈ, ಲ್ಯಾಂಡ್‌ಲೈನ್, ವೈಫೈ ಕಾಲಿಂಗ್ ಮೂರೂ ಒಟ್ಟಿಗೆ ನಿಲ್ಲುತ್ತವೆ. ಅಗ್ಗದ ಲೆಕ್ಕದಲ್ಲಿ ಇದನ್ನು ಬಿಟ್ಟರೆ ಕಷ್ಟ.

ಪೆಟ್ಟಿಗೆ ತಿನ್ನುವ ಕರೆಂಟು ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಮನೆಗೆ ಇನ್ವರ್ಟರ್ ಇದ್ದರೆ ಆ ಲೈನಿಗೆ ಸೇರಿಸಿ. ಇಲ್ಲದಿದ್ದರೆ ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ತನ್ನಿ. ಅದು ಕೆಲವು ಗಂಟೆ ನಡೆಸುತ್ತದೆ. ಸೋಲಾರಿನ 12 ವೋಲ್ಟ್ ಬ್ಯಾಟರಿಗೆ ನೇರ ಜೋಡಿಸಬೇಡಿ. ಚಾರ್ಜ್ ಆಗುವಾಗ ವೋಲ್ಟೇಜ್ 14ರ ಮೇಲೆ ಹೋಗಿ ಪೆಟ್ಟಿಗೆ ಸುಡಬಹುದು. ನಡುವೆ 12 ವೋಲ್ಟಿಗೆ ನಿಲ್ಲಿಸುವ ರೆಗ್ಯುಲೇಟರ್ ಬೇಕು. ನಿಮ್ಮದು ಸರಿ ಇದ್ದರೂ ಸಾಲದು, ರಸ್ತೆ ಬದಿಯ ಪೆಟ್ಟಿಗೆಗೂ ಬ್ಯಾಟರಿ ಇರಬೇಕು.

ಸಿಡಿಲಿನ ಮಟ್ಟಿಗೆ ಫೈಬರ್ ಒಳ್ಳೆಯದು. ತಾಮ್ರದ ತಂತಿ ಹಿಡಿದು ಒಳಗೆ ಬರುತ್ತಿದ್ದ ಹೊಡೆತ ಗಾಜಿನಲ್ಲಿ ಬರುವುದಿಲ್ಲ. ಆದರೆ ಕರೆಂಟಿನ ಪ್ಲಗ್ಗಿನಿಂದ ಬರುತ್ತದೆ. ಕೇಬಲಿನ ಜತೆ ಬಲಕ್ಕಾಗಿ ಉಕ್ಕಿನ ಸರಿಗೆ ಇದ್ದರೆ ಅದನ್ನು ಗೋಡೆಯ ಹೊರಗೇ ನಿಲ್ಲಿಸಲು ಹೇಳಿ. ಗುಡುಗು ಶುರುವಾದರೆ ಪ್ಲಗ್ ತೆಗೆಯುವುದು ಈಗಲೂ ಬೇಕು.

ಹಾಕಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

- ತೆರಿಗೆ, ಪೆಟ್ಟಿಗೆ, ಕೇಬಲ್, ಜೋಡಣೆ ಎಲ್ಲ ಸೇರಿ ಮೊದಲ ವರ್ಷಕ್ಕೆ ಎಷ್ಟು? ಎರಡನೆಯ ವರ್ಷಕ್ಕೆ ಎಷ್ಟು?
- ಆರು ತಿಂಗಳ ಆಫರ್ ಮುಗಿದ ಮೇಲೆ ದರ ಎಷ್ಟು?
- ಪೆಟ್ಟಿಗೆ ನಮ್ಮದೋ, ಬಾಡಿಗೆಯದ್ದೋ? ಬಿಟ್ಟರೆ ಠೇವಣಿ ವಾಪಸು ಬರ್ತದಾ?
- ಫೋನು ಕರೆ ಸೇರಿದೆಯಾ? ನಮ್ಮ ಹಳೆಯ ಲ್ಯಾಂಡ್‌ಲೈನ್ ನಂಬ್ರ ಉಳಿಯುತ್ತದಾ?
- ಸಿನಿಮಾ ಆ್ಯಪ್‌ಗಳು ಬೇಡದಿದ್ದರೆ ಕಡಿಮೆ ದರದ್ದು ಉಂಟಾ?
- ಸೋಗೆ ಬಿದ್ದು ಕೇಬಲ್ ತುಂಡಾದರೆ ಯಾರು ಬರುತ್ತಾರೆ? ಜೋಡಿಸುವ ಯಂತ್ರ ಅವರಲ್ಲೇ ಉಂಟಾ?
- ರಸ್ತೆ ಬದಿಯ ಪೆಟ್ಟಿಗೆಗೆ ಕರೆಂಟು ಹೋದರೆ ಎಷ್ಟು ಗಂಟೆ ಬ್ಯಾಟರಿ?

ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರನ್ನು ಹೆಚ್ಚಾಗಿ ನಡೆಸುವವರು ಊರಿನ ಪಾಲುದಾರರು. ಕಂಪೆನಿಯ ಹೆಸರಿಗಿಂತ ಆ ಮನುಷ್ಯ ಹೇಗೆ ಅನ್ನುವುದು ಮುಖ್ಯ. ಅದೇ ಲೈನಿನ ಎರಡು ಮನೆಯವರಲ್ಲಿ "ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಇರಲಿಲ್ಲ?" ಅಂತ ಕೇಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದು ಮಳೆಗಾಲ ನೋಡುವ ಮೊದಲು ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಹೇಳಲಿ.

ಕೆಟ್ಟಾಗ ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ಅಂತ ಬರೆದಲ್ಲಿ ಕೆಂಪು ಮಿನುಗಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ. ಕೇಬಲ್ ತುಂಡಾಗಿದೆ ಅಥವಾ ಆಚೆ ಬದಿ ಕೆಟ್ಟಿದೆ. ದೂರು ಕೊಡುವಾಗ ಇದನ್ನೇ ಹೇಳಿ, ಡಾಕೆಟ್ ನಂಬ್ರ ಬರೆದಿಟ್ಟುಕೊಳ್ಳಿ. ಆ ನಂಬ್ರ ಇಲ್ಲದೆ ಮುಂದೆ ಮೇಲ್ಮನವಿ ಮಾಡಲು ಆಗುವುದಿಲ್ಲ.

ಬದಲಾಯಿಸುವ ಕ್ರಮ

ಹೊಸದು ಸರಿಯಾಗಿ ನಡೆದು ಒಂದು ತಿಂಗಳಾಗುವವರೆಗೆ ಹಳೆಯದನ್ನು ಕಡಿಸಬೇಡಿ. ಮೊಬೈಲಿನ ಕಂಪೆನಿ ಬದಲಾಯಿಸಲು ನಂಬ್ರ ಬಿಡಬೇಕಾಗಿಲ್ಲ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬ್ರ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಕೋಡ್ ಬರುತ್ತದೆ. 2011ರ ಜನವರಿಯಿಂದ ದೇಶವಿಡೀ ಈ ವ್ಯವಸ್ಥೆ ಇದೆ. ಹಳೆಯ ರೀಚಾರ್ಜಿನ ಉಳಿದ ದಿನಗಳು ಮಾತ್ರ ಹೋಗುತ್ತವೆ. ಆದ್ದರಿಂದ ಅವಧಿ ಮುಗಿಯಲು ನಾಲ್ಕೈದು ದಿನ ಇರುವಾಗ ಹೊರಡಿ.

ಮನೆಯ ಎಲ್ಲ ಮೊಬೈಲನ್ನೂ ಒಂದೇ ಕಂಪೆನಿಗೆ ಕೊಡಬೇಡಿ. ಫೈಬರ್ ಒಂದರದ್ದಾದರೆ ಒಂದು ಮೊಬೈಲಾದರೂ ಇನ್ನೊಂದರದ್ದಿರಲಿ, ಅದಕ್ಕೆ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಜೀಪಿನವರ, ಪಕ್ಕದ ಮನೆಯವರ ನಂಬ್ರಗಳನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಎರಡು ಸಾವಿರ ಉಳಿಸುವ ಭರದಲ್ಲಿ ಹಿರಿಯರ ಮಾತಿನ ರೀಚಾರ್ಜ್ ನಿಲ್ಲಿಸಬೇಡಿ. ಕಡಿಯಬೇಕಾದ್ದು ಯಾರೂ ಬಳಸದ ಡೇಟಾ, ಯಾರೂ ನೋಡದ ಸಿನಿಮಾ, ಬೇಡದ ವೇಗ. ಅಷ್ಟನ್ನು ಕಡಿದರೆ ಸಾಕು.

ನಿಮ್ಮ ಮನೆಯ ವರ್ಷದ ಲೆಕ್ಕ ಹಾಕಿದಾಗ ಎಷ್ಟು ಬಂತು, ಎಷ್ಟು ಇಳಿಯಿತು ಅಂತ ಬರೆದು ತಿಳಿಸಿ. ಬೇರೆ ಊರಿನವರ ಅಂಕೆ ಸಿಕ್ಕಿದರೆ ಎಲ್ಲರಿಗೂ ಉಪಯೋಗವಾದೀತು.