ಕೇಳುವ ಕಿವಿ, ವಿವೇಕದ ಮೊದಲ ಪಾಠ



ಜೆರಿಕೋವಿನ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಬಾರ್ತಿಮಾಯ ಕುರುಡನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪ್ರಭು ಯೇಸು ಅವನನ್ನು ಕರೆದು, ತಾವು ಅವನಿಗೆ ಏನು ಮಾಡಬೇಕೆಂದು ಕೇಳಿದರು (ಮಾರ್ಕ 10:46-52). ಅವನ ಬಾಯಿಂದಲೇ ಕೇಳಿದ ಮೇಲೆ ಗುಣಪಡಿಸಿದರು. ಸಮಾಜಸೇವೆಗೆಂದು ಹೊರಡುವ ನಾವು ಹೀಗೆ ಕೇಳುತ್ತೇವೆಯೇ?

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ತವರದ ಗಣಿಪ್ರದೇಶದಲ್ಲಿ 1959ರಲ್ಲಿ ಒಬ್ಲೇಟ್ ಸಭೆಯ ಗುರುಗಳು ಒಂದು ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಹನ್ನೆರಡನೆಯ ಪಿಯುಸ್ ಜಗದ್ಗುರುಗಳ ಹೆಸರಿಟ್ಟರು. ಕಮ್ಯುನಿಸಂ ಮತ್ತು ಕುಡಿತದ ವಿರುದ್ಧ ಬೋಧಿಸುವುದು ಅವರ ಉದ್ದೇಶ. ಕಾರ್ಮಿಕ ಸಂಘದ ಬಾನುಲಿಗೂ ಅದಕ್ಕೂ ಜಗಳವೇ ನಡೆಯಿತು. ಆದರೆ ಗಣಿಕಾರ್ಮಿಕರ ನಡುವೆ ಬಾಳುತ್ತಾ ಹೋದಂತೆ ಅವರ ಬವಣೆ ಗುರುಗಳಿಗೆ ಅರ್ಥವಾಯಿತು. 1965ರಲ್ಲಿ ಸೇನಾ ಸರಕಾರ ಕೂಲಿ ಕಡಿತ ಮಾಡಿತು; 1967ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಹಬ್ಬದ ಮುಂಜಾನೆ, ಕಾರ್ಮಿಕರ ಮೇಲೆ ಗುಂಡು ಹಾರಿಸಿತು. ಆ ವರ್ಷಗಳಲ್ಲಿ ಕೇಂದ್ರವು ಕಾರ್ಮಿಕರ ಪಕ್ಕದಲ್ಲಿ ನಿಂತಿತು. ಬೋಧಿಸಲು ಬಂದವರು ಕಲಿತರು, ಕೇಳಿಸಿಕೊಳ್ಳಬೇಕಾಗಿದ್ದವರು ಮಾತನಾಡಿದರು. ಅದಕ್ಕಾಗಿ ಕೇಂದ್ರವು ಸೈನಿಕರ ದಾಳಿಯನ್ನೂ ಅನುಭವಿಸಿತು.

ವಿವೇಕವು ನಾಲ್ಕು ಮೂಲ ಸದ್ಗುಣಗಳಲ್ಲಿ ಒಂದು. ಇತರರಿಂದ ಕಲಿಯುವ ಮನಸ್ಸು ವಿವೇಕದ ಒಂದು ಅಂಗವೆನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ಬದುಕಿನ ಸಂದರ್ಭಗಳು ಅಸಂಖ್ಯ. ಒಬ್ಬನೇ ಎಲ್ಲವನ್ನೂ ಅರಿಯಲಾರ.

ಈ ವಿವೇಕವನ್ನು ಭಾಷಣದಿಂದ ಕಲಿಸಲಾಗದು, ಮಾಡಿಸಿ ಕಲಿಸಬೇಕು. ನಿಮ್ಮ ಧರ್ಮಕೇಂದ್ರದ ಯುವಜನರಿಗೆ ಹೀಗೆ ಅಭ್ಯಾಸ ಮಾಡಿಸಿ:

1. ಯೋಜನೆ ಹಿಡಿದು ಹೋಗುವ ಮುನ್ನ ಬರಿಗೈಯಲ್ಲಿ ಹೋಗಿ ಕೇಳಲಿ. ನೀರಿನ ಕಷ್ಟವನ್ನು ಕೊಡ ಹೊರುವ ತಾಯಿಗಿಂತ ಬಲ್ಲವರಾರು?

2. ಕೇಳಿದ್ದನ್ನು ಅವರಿಗೇ ಹೇಳಿ, ಸರಿಯಾಗಿ ಅರ್ಥಮಾಡಿಕೊಂಡೆವೇ ಎಂದು ವಿಚಾರಿಸಲಿ.

3. ಸಭೆಯಲ್ಲಿ ಮಾತಾಡದೆ ಹಿಂದೆ ಕುಳಿತವರು ಯಾರೆಂದು ಗಮನಿಸಿ, ಅವರ ಮನೆಗೂ ಹೋಗಲಿ.

4. ಕೆಲಸ ಮುಗಿದ ಮೇಲೆ ಜನರೊಂದಿಗೆ ಮತ್ತೆ ಕುಳಿತು, ಎಲ್ಲಿ ತಪ್ಪಿದೆವೆಂದು ಕೇಳಲಿ.

ಕೇಳುವುದೆಂದರೆ ಎಲ್ಲದಕ್ಕೂ ಹೌದೆನ್ನುವುದಲ್ಲ. ಜಾತಿಯ ಮೇಲೆ ಯಾರನ್ನಾದರೂ ಬಾವಿಯಿಂದ ದೂರವಿಡಲು ಊರೇ ಒಪ್ಪಿದರೂ ನಾವು ಒಪ್ಪಬಾರದು. ಆದರೆ ಕೇಳಿಸಿಕೊಂಡವನ 'ಬೇಡ' ಎಂಬ ಮಾತಿಗೆ ಮಾತ್ರ ಜನ ಕಿವಿಗೊಡುತ್ತಾರೆ.

ಇದರ ಮೊದಲ ಪಾಠಶಾಲೆ ಮನೆಯೇ. ಈ ವಾರ ನಿಮ್ಮ ಮನೆಯಲ್ಲಿ ಅತಿ ಕಡಿಮೆ ಮಾತಾಡುವವರನ್ನು ಪ್ರಭುವಿನಂತೆ ಕೇಳಿ: ನಾನು ನಿನಗೇನು ಮಾಡಲಿ? ಕೇಳಿದ ಮೇಲೆ, ಉತ್ತರ ಬರುವವರೆಗೆ ಸುಮ್ಮನಿರಿ.